ನಿಮ್ಮ ಡ್ರೈವ್‌ವೇನಲ್ಲಿ ಯಾರೋ ಕಾರು ಬಿಟ್ಟು ಹೋದರೆ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

"ಅಣ್ಣಾ, ಯಾರೋ ನಮ್ಮ ಡ್ರೈವ್‌ನಲ್ಲಿ ಕಾರು ನಿಲ್ಲಿಸಿ ಹೋಗಿಬಿಟ್ಟಿದ್ದಾರೆ. ಟೈರಿನ ಗಾಳಿ ತೆಗೆದುಬಿಡಲಾ?"

ಬಂದು ಮೂರು ತಿಂಗಳಾಗಿದ್ದ ದಾವಣಗೆರೆ ಹುಡುಗ ಒಂದು ಶುಕ್ರವಾರ ಸಂಜೆ ಫೋನ್ ಮಾಡಿ ಹೀಗೆ ಕೇಳಿದ. ಡ್ರೈವ್ ಅಂದರೆ ಮನೆ ಮುಂದೆ ಕಾರು ನಿಲ್ಲಿಸಲು ಇರುವ ಸ್ವಂತ ಜಾಗ. ನಾನು ಹೇಳಿದ್ದು ಒಂದೇ ಮಾತು. ಕಾರನ್ನು ಮುಟ್ಟಬೇಡ, ನಾನು ಬರ್ತೀನಿ. ಊರಲ್ಲಿ ಗೇಟಿಗೆ "ವಾಹನ ನಿಲ್ಲಿಸಬೇಡಿ, ಗಾಳಿ ತೆಗೆಯಲಾಗುವುದು" ಅಂತ ಬೋರ್ಡ್ ಹಾಕುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಮೊದಲು ಬರುವ ಯೋಚನೆಯೇ ಅದು. ಇಲ್ಲಿ ಆ ಕೆಲಸ ಮಾಡಿದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೇಳುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್ ಬಗ್ಗೆ, ಸ್ಕಾಟ್ಲೆಂಡಿನ ಕಾನೂನು ಬೇರೆ.

ಮೊದಲು ಒಂದು ವ್ಯತ್ಯಾಸ ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ, ಇದು ಗೊತ್ತಿಲ್ಲದೆ ಎಷ್ಟೋ ಜನ ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ, ಪೊಲೀಸರಿಗೆ ಸುಮ್ನೆ ಫೋನ್ ಮಾಡಿ ಬೇಸರ ಪಟ್ಟುಕೊಳ್ಳುತ್ತಾರೆ. ಕಾರು ಎಲ್ಲಿದೆ? ಮನೆ ಮುಂದಿನ ರಸ್ತೆಯಲ್ಲೋ, ನಿಮ್ಮ ಡ್ರೈವ್‌ಗೆ ಅಡ್ಡವಾಗಿಯೋ, ಅಥವಾ ಡ್ರೈವ್ ಒಳಗೇನೋ? ಮೂರಕ್ಕೂ ಉತ್ತರ ಬೇರೆ ಬೇರೆ.

ಮನೆ ಮುಂದಿನ ರಸ್ತೆ ನಿಮ್ಮದಲ್ಲ. ಹಳದಿ ಗೆರೆ ಇಲ್ಲ, ಪರ್ಮಿಟ್ ವಲಯವೂ ಅಲ್ಲ ಅಂದರೆ ಅಲ್ಲಿ ಯಾರು ಬೇಕಾದರೂ ನಿಲ್ಲಿಸಬಹುದು, ದಿನಗಟ್ಟಲೆ ಬಿಟ್ಟರೂ ನೀವು ಕೇಳುವ ಹಾಗಿಲ್ಲ. "ನಮ್ಮ ಮನೆ ಕಿಟಕಿ ಮುಂದೇನೇ ನಿಲ್ಲಿಸ್ತಾರೆ" ಅನ್ನುವ ದೂರಿಗೆ ಇಲ್ಲಿ ಬೆಲೆ ಇಲ್ಲ. ಜಾಗ ಹಿಡಿಯಲು ರಸ್ತೆಯಲ್ಲಿ ಕೋನ್ ಇಡುವುದು, ಕಸದ ಬಿನ್ ಎಳೆದು ನಿಲ್ಲಿಸುವುದು, ಇವೂ ಬೇಡ. ರಸ್ತೆಗೆ ಅಡ್ಡ ಮಾಡಿದ ತಪ್ಪು ನಿಮ್ಮದಾಗುತ್ತದೆ.

ಎರಡನೆಯದು ಅಡ್ಡ ನಿಲ್ಲಿಸುವುದು. ಪೇವ್‌ಮೆಂಟ್ ಅಂಚಿನ ಕಲ್ಲನ್ನು ತಗ್ಗಿಸಿ ಡ್ರೈವ್‌ಗೆ ಕಾರು ಹತ್ತುವ ಹಾಗೆ ಮಾಡಿರುತ್ತಾರಲ್ಲ, ಅದಕ್ಕೆ ಡ್ರಾಪ್ಡ್ ಕರ್ಬ್ ಅನ್ನುತ್ತಾರೆ. ಅದರ ಮುಂದೆ ಕಾರು ನಿಂತಿದ್ದರೆ ಕೌನ್ಸಿಲ್‌ನ ಪಾರ್ಕಿಂಗ್ ವಿಭಾಗ ದಂಡದ ಚೀಟಿ ಅಂಟಿಸಬಹುದು. 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಆಕ್ಟ್ ಈ ಅಧಿಕಾರ ಕೊಟ್ಟಿದೆ. ಆದರೆ ಮನೆಯವರ ಒಪ್ಪಿಗೆಯಿಂದ ನಿಂತ ಕಾರಿಗೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ವಾರ್ಡನ್ ತಾನಾಗಿ ಬಂದು ಚೀಟಿ ಹಾಕಲಿ ಅಂತ ಕಾಯಬೇಡಿ, ನೀವೇ ಫೋನ್ ಮಾಡಿ ಹೇಳಬೇಕು. ನೀವು ಹೊರಗೆ ಹೋಗಲಾಗದೆ ಸಿಕ್ಕಿಹಾಕಿಕೊಂಡಿದ್ದರೆ 101ಕ್ಕೆ ಮಾಡಿ ಪೊಲೀಸರಿಗೆ ತಿಳಿಸಿ. 999 ಅಲ್ಲ, ಅದು ತುರ್ತು ಸಂದರ್ಭಕ್ಕೆ. ಒಳಗೆ ಬರಲಾಗುತ್ತಿಲ್ಲ ಅನ್ನುವುದಕ್ಕಿಂತ ಹೊರಗೆ ಹೋಗಲಾಗುತ್ತಿಲ್ಲ ಅನ್ನುವುದನ್ನು ಅವರು ಜಾಸ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಗೆ ಹೋಗಬೇಕಿದ್ದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಪದೇ ಪದೇ ಹೀಗಾದರೆ ಕೌನ್ಸಿಲ್‌ಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಡ್ರೈವ್ ಮುಂದೆ ಉದ್ದನೆಯ ಬಿಳಿ ಗೆರೆ ಬರೆಸಿಕೊಳ್ಳಬಹುದು. ಎರಡು ತುದಿಯಲ್ಲೂ ಅಡ್ಡಗೆರೆ ಇರುತ್ತದೆ, ಎಚ್ ಬಾರ್ ಅನ್ನುತ್ತಾರೆ. ಅದು ಬರೀ ಸೂಚನೆ, ಗೆರೆಗೇ ಕಾನೂನಿನ ಬಲ ಇಲ್ಲ. ಆದರೂ ಕತ್ತಲಲ್ಲಿ ಕಾಣುತ್ತದೆ, ಎಷ್ಟೋ ಜನ ಮುಂದೆ ಹೋಗುತ್ತಾರೆ.

ಇನ್ನು ಮೂರನೆಯದು, ನಿಮ್ಮ ಡ್ರೈವ್ ಒಳಗೇ ಅಪರಿಚಿತರ ಕಾರು. ಹೊಸಬರು ನಂಬದಿರುವ ವಿಷಯ ಇದು. ಡ್ರೈವ್‌ಗೆ ಅಡ್ಡ ನಿಂತವನಿಗೆ ದಂಡ ಉಂಟು, ನಿಮ್ಮ ಸ್ವಂತ ಜಾಗಕ್ಕೇ ನುಗ್ಗಿ ನಿಲ್ಲಿಸಿದವನಿಗೆ ಕೌನ್ಸಿಲ್‌ನ ದಂಡ ಇಲ್ಲ! ಕಾರಣ ಇಷ್ಟೇ, ಅದು ಖಾಸಗಿ ಜಾಗ, ಕೌನ್ಸಿಲ್‌ನ ಪಾರ್ಕಿಂಗ್ ಅಧಿಕಾರ ರಸ್ತೆಯ ಅಂಚಿಗೆ ಮುಗಿಯಿತು. ಪೊಲೀಸರಿಗೆ ಕೇಳಿದರೆ ಇದು ಟ್ರೆಸ್‌ಪಾಸ್, ಸಿವಿಲ್ ವಿಷಯ, ಅಪರಾಧ ಅಲ್ಲ ಅನ್ನುತ್ತಾರೆ. ಅವರು ನಿಮ್ಮನ್ನು ಸಾಗಹಾಕುತ್ತಿಲ್ಲ, ಕಾನೂನು ಇರುವುದೇ ಹಾಗೆ.

ಹಾಗಾದರೆ ನಾನೇ ಎಳೆಸಿಬಿಡ್ತೀನಿ ಅಂದರೆ ಅದೂ ಆಗದು. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್‌ನ 54ನೇ ಸೆಕ್ಷನ್ ಪ್ರಕಾರ, ಕಾನೂನಿನ ಅಧಿಕಾರ ಇಲ್ಲದೆ ಬೇರೆಯವರ ಕಾರಿನ ಚಕ್ರಕ್ಕೆ ಕ್ಲಾಂಪ್ (ಬೀಗ) ಹಾಕುವುದು, ಜಾಗದಿಂದ ಎಳೆದು ಸಾಗಿಸುವುದು, ಹೊರಗೆ ಹೋಗದ ಹಾಗೆ ತಡೆಯುವುದು ಅಪರಾಧ. ಆ ವರ್ಷ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ನಿಮ್ಮ ಕಾರನ್ನು ಹಿಂದೆ ತಂದು ನಿಲ್ಲಿಸಿ, ಈಗ ಹೇಗೆ ಹೋಗ್ತಾನೋ ನೋಡೋಣ ಅಂತ ಕೂಡಿಹಾಕುವುದೂ ಇದರಡಿ ಬರಬಹುದು. ಗಾಳಿ ತೆಗೆಯುವುದು, ವೈಪರ್ ಮುರಿಯುವುದು, ಗಾಜಿಗೆ ಗಮ್ ಹಾಕಿ ಕಾಗದ ಅಂಟಿಸುವುದು, ಇದಕ್ಕೆಲ್ಲ ಕ್ರಿಮಿನಲ್ ಡ್ಯಾಮೇಜ್ ಅಂತ ದೂರು ಕೊಡಲು ಅವನಿಗೆ ದಾರಿ ಮಾಡಿಕೊಟ್ಟ ಹಾಗೆ.

ಇಲ್ಲಿ ಹುಟ್ಟಿ ಬೆಳೆದವರಿಗಿಂತ ನಿಮಗೆ ಇದು ಜಾಸ್ತಿ ಮುಖ್ಯ, ಯಾಕೆ ಅಂದರೆ ನೀವು ವೀಸಾದ ಮೇಲೆ ಇದ್ದೀರಿ. ವೀಸಾ ಮುಂದುವರಿಸುವಾಗ, ಕಾಯಂ ವಾಸದ ಅನುಮತಿಯಾದ ಐಎಲ್‌ಆರ್‌ಗೆ ಅರ್ಜಿ ಹಾಕುವಾಗ ಶಿಕ್ಷೆ ಆಗಿದೆಯಾ ಅಂತ ಮಾತ್ರ ಕೇಳುವುದಿಲ್ಲ, ಪೊಲೀಸರ ಕಾಷನ್ (ದಾಖಲಾಗುವ ಅಧಿಕೃತ ಎಚ್ಚರಿಕೆ) ಇದೆಯಾ ಅಂತಲೂ ಕೇಳುತ್ತಾರೆ. ಹತ್ತು ನಿಮಿಷದ ಕೋಪಕ್ಕೆ ಆ ಖಾನೆಯಲ್ಲಿ ಹೌದು ಅಂತ ಬರೆಯುವ ಸ್ಥಿತಿ ತಂದುಕೊಳ್ಳಬೇಡಿ. ನಾನು ಆ ಹುಡುಗನ ಮನೆಗೆ ಓಡಿದ್ದು ಈ ಭಯಕ್ಕೇ.

ಅವತ್ತು ಏನಾಯಿತು ಅಂತ ಹೇಳಿಬಿಡುತ್ತೇನೆ. ಮಳೆ ಹನಿಯುತ್ತಿತ್ತು. ಬೂದು ಬಣ್ಣದ ಸಣ್ಣ ಕಾರು, ಮೂತಿ ಮನೆಯ ಬಾಗಿಲಿಗೆ ತಾಗುವ ಹಾಗೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ, ಡ್ಯಾಶ್‌ಬೋರ್ಡ್ ಮೇಲೆ ಮಡಚಿದ ಒಂದು ಕಾಗದ. ಫೋನಿನ ಬೆಳಕು ಬಿಟ್ಟು ಗಾಜಿನ ಮೂಲಕ ಓದಿದೆವು. ಪಾರ್ಕಿಂಗ್ ಬುಕಿಂಗ್ ಚೀಟಿ ಅದು. ಮನೆ ನಂಬರ್ 14, ಬೀದಿ ಹೆಸರೂ ಅದೇ, ಕೊನೆಯಲ್ಲಿ ಮಾತ್ರ ರೋಡ್ ಇರಬೇಕಾದ ಕಡೆ ಕ್ಲೋಸ್ ಅಂತ ಇತ್ತು. ಈ ದೇಶದಲ್ಲಿ ಒಂದೇ ಹೆಸರಿಗೆ ರೋಡ್, ಕ್ಲೋಸ್, ಅವೆನ್ಯೂ ಮೂರೂ ಅಕ್ಕಪಕ್ಕದಲ್ಲೇ ಇರುತ್ತವೆ. ಜಸ್ಟ್‌ಪಾರ್ಕ್, ಯುವರ್‌ಪಾರ್ಕಿಂಗ್‌ಸ್ಪೇಸ್ ತರಹದ ಆಪ್‌ಗಳಲ್ಲಿ ಜನ ತಮ್ಮ ಡ್ರೈವ್ ಬಾಡಿಗೆಗೆ ಕೊಡುತ್ತಾರೆ, ಈ ಕಾರಿನವನು ದುಡ್ಡು ಕೊಟ್ಟು ಬುಕ್ ಮಾಡಿ ಪಕ್ಕದ ಬೀದಿಯ ಬದಲು ಇಲ್ಲಿಗೆ ಬಂದಿದ್ದ. ನಾವು ಪಕ್ಕದ ಬೀದಿಯ 14ಕ್ಕೆ ಹೋಗಿ ಬಾಗಿಲು ತಟ್ಟಿದೆವು. ಅವರು ಆಪ್‌ನಲ್ಲಿ ಸಂದೇಶ ಕಳಿಸಿದರು. ಇಪ್ಪತ್ತು ನಿಮಿಷದಲ್ಲಿ ಆ ಮನುಷ್ಯ ನೆನೆದುಕೊಂಡು ಓಡಿಬಂದ, ನಾಲ್ಕು ಸಲ ಸಾರಿ ಕೇಳಿದ. ಗಾಳಿ ತೆಗೆದಿದ್ದರೆ ಆ ಮಗುವನ್ನು ಮಳೆಯಲ್ಲಿ ಹೇಗೆ ಕರೆದುಕೊಂಡು ಹೋಗುತ್ತಿದ್ದ?

ಹಾಗಾಗಿ ಮೊದಲ ಕೆಲಸ ನೋಡುವುದು, ವಿಚಾರಿಸುವುದು. ನಂಬರ್ ಪ್ಲೇಟ್ ಕಾಣುವ ಹಾಗೆ, ಮನೆಯ ಬಾಗಿಲೂ ಸೇರಿಸಿ ಫೋಟೋ ತೆಗೆಯಿರಿ, ದಿನ ಮತ್ತು ಸಮಯ ಬರೆದಿಡಿ. ಆಮೇಲೆ ಎಡಕ್ಕೆ ಎರಡು ಮನೆ, ಬಲಕ್ಕೆ ಎರಡು ಮನೆ, ಎದುರಿನ ಮನೆ ತಟ್ಟಿ ಕೇಳಿ. ಮನೆ ರಿಪೇರಿಯವರು, ನೆಂಟರು, ವಯಸ್ಸಾದವರನ್ನು ನೋಡಿಕೊಳ್ಳಲು ಬರುವ ಕೇರರ್‌ಗಳು, ಹೀಗೆ ಯಾರಾದರೂ ಅಲ್ಲೇ ಇರುತ್ತಾರೆ. ಇಲ್ಲದಿದ್ದರೆ ವೈಪರ್ ಕೆಳಗೆ ಒಂದು ಚೀಟಿ ಇಡಿ. ಇದು ಖಾಸಗಿ ಡ್ರೈವ್, ನಮ್ಮ ಕಾರು ಹೊರಗೆ ನಿಂತಿದೆ, ದಯವಿಟ್ಟು ತೆಗೆಯಿರಿ, ಫೋಟೋ ಇಟ್ಟುಕೊಂಡಿದ್ದೇವೆ, ಅಷ್ಟು ಸಾಕು. ಬೈಗುಳ ಬೇಡ, ಬೆದರಿಕೆ ಬೇಡ. ಆ ಚೀಟಿಯನ್ನು ಮುಂದೆ ಯಾರಾದರೂ ಓದಿದರೆ ನೀವೇ ಮರ್ಯಾದಸ್ಥರು ಅಂತ ಕಾಣಬೇಕು.

ನಮ್ಮದೇ ಕಷ್ಟ ಇಷ್ಟು ಸುಲಭ ಇರಲಿಲ್ಲ. ನಾವಿರುವುದು ಹೌನ್ಸ್ಲೋದಲ್ಲಿ, ಹೀಥ್ರೋಗೆ ಇಳಿಯುವ ವಿಮಾನಗಳ ಕೆಳಗೆ. ಇಂಥ ಕಡೆ ವಿಮಾನ ನಿಲ್ದಾಣದ ಪಾರ್ಕಿಂಗ್ ಖರ್ಚು ಉಳಿಸಲು ಮನೆಗಳ ಬೀದಿಯಲ್ಲಿ ಕಾರು ಬಿಟ್ಟು ರಜಕ್ಕೆ ಹಾರುವವರು ಇದ್ದಾರೆ. ನಾವು ಊರಿಗೆ ಹೋಗಿದ್ದ ಒಂದು ಬೇಸಿಗೆಯಲ್ಲಿ ಖಾಲಿ ಡ್ರೈವ್ ನೋಡಿ ಯಾರೋ ನಿಲ್ಲಿಸಿದ್ದರು. ವಾಪಸ್ ಬಂದ ದಿನ ಸೂಟ್‌ಕೇಸ್ ಸಮೇತ ಟ್ಯಾಕ್ಸಿಯಿಂದ ಇಳಿದರೆ, ನಮ್ಮ ಜಾಗದಲ್ಲಿ ಧೂಳು ಹಿಡಿದ ಕಾರು. ಇನ್ನೂ ಒಂಬತ್ತು ದಿನ ಅದು ಅಲ್ಲೇ ಇತ್ತು. 101ಕ್ಕೆ ಮಾಡಿದೆ, ಕಳವಿನ ಕಾರಲ್ಲ ಅಂತ ನೋಡಿ ಹೇಳಿದರು, ಅಷ್ಟೇ. ಕೌನ್ಸಿಲ್‌ಗೆ ಬರೆದೆ. ಗಾಡಿಗೆ ಟ್ಯಾಕ್ಸ್, ಎಂಒಟಿ (ಗಾಡಿ ಸುಸ್ಥಿತಿಯಲ್ಲಿದೆ ಅನ್ನುವ ವಾರ್ಷಿಕ ಪರೀಕ್ಷೆ) ಎಲ್ಲ ಸರಿಯಿತ್ತು, ಹಾಗಾಗಿ ಅದು ಬಿಟ್ಟುಹೋದ ಗಾಡಿ ಅನ್ನಿಸಿಕೊಳ್ಳುವುದಿಲ್ಲ ಅಂದರು. ನನ್ನ ಹೆಂಡತಿ ದಿನಾ ಬೆಳಗ್ಗೆ ಕಿಟಕಿಯಿಂದ ಅದನ್ನು ನೋಡಿ ಕಣ್ಣೀರು ಹಾಕುವಷ್ಟು ಬೇಸತ್ತಿದ್ದಳು. ನಮ್ಮ ಮನೆಯಲ್ಲಿ ನಮಗೇ ಜಾಗ ಇಲ್ಲ ಅನ್ನಿಸುವ ಆ ಭಾವನೆ ಇದೆಯಲ್ಲ, ಪರದೇಶದಲ್ಲಿ ಅದು ಎರಡರಷ್ಟು ಚುಚ್ಚುತ್ತದೆ.

ಆ ಒಂಬತ್ತು ದಿನದಲ್ಲಿ ಕಲಿತದ್ದು ನಿಮಗೆ ಉಪಯೋಗ ಆಗಲಿ. ನಂಬರ್ ಪ್ಲೇಟ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಯಾವ ಗಾಡಿಗೆ ಬೇಕಾದರೂ ಟ್ಯಾಕ್ಸ್, ಎಂಒಟಿ ಇದೆಯಾ ಅಂತ ಉಚಿತವಾಗಿ ನೋಡಬಹುದು. ಎರಡೂ ಇಲ್ಲ, ಟೈರ್ ಕುಸಿದಿದೆ, ಒಳಗೆ ಕಸ ತುಂಬಿದೆ ಅಂದರೆ ಕೌನ್ಸಿಲ್‌ಗೆ ಅಬ್ಯಾಂಡನ್ಡ್ ವೆಹಿಕಲ್ ಅಂತ ದೂರು ಕೊಡಿ. ಅಂಥದ್ದು ಖಾಸಗಿ ಜಾಗದಲ್ಲಿದ್ದರೂ ತೆಗೆಯುವ ಜವಾಬ್ದಾರಿ ಅವರದು. ಗಾಡಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆ ಅಂತ ತಿಳಿಯಬೇಕಾದರೆ ವಾಹನ ನೋಂದಣಿಯ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಗೆ ವಿ888 ಅನ್ನುವ ಫಾರ್ಮ್ ತುಂಬಿ, ಸಣ್ಣ ಶುಲ್ಕ ಕಟ್ಟಿ ಕೇಳಬಹುದು. ಖಾಸಗಿ ಜಾಗದಲ್ಲಿ ನಿಲ್ಲಿಸಿದ್ದಾರೆ ಅನ್ನುವುದು ಕೇಳಲು ಸರಿಯಾದ ಕಾರಣ, ಫೋಟೋಗಳು ಕೆಲಸಕ್ಕೆ ಬರುವುದು ಇಲ್ಲೇ. ಹೆಸರು ಸಿಕ್ಕ ಮೇಲೆ ವಕೀಲರ ಪತ್ರ, ಮತ್ತೂ ಮಾಡಿದರೆ ಕೌಂಟಿ ಕೋರ್ಟ್. ಕೋರ್ಟಿಗೆ ಸಮಯ, ದುಡ್ಡು ಎರಡೂ ಬೇಕು, ಪದೇ ಪದೇ ಬೇಕಂತಲೇ ಮಾಡುವವರಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಅದಕ್ಕೂ ಮೊದಲು ಮನೆ ಇನ್ಶುರೆನ್ಸ್ ಕಾಗದ ತೆಗೆದು ಲೀಗಲ್ ಕವರ್ (ವಕೀಲರ ಖರ್ಚಿನ ರಕ್ಷಣೆ) ಇದೆಯಾ ನೋಡಿ, ಸಲಹೆ ಕೊಡುವ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಉಚಿತವಾಗಿ ಕೇಳಿ.

ನಮ್ಮ ಪ್ರಕರಣ ಹತ್ತನೇ ದಿನ ತಾನಾಗಿ ಮುಗಿಯಿತು. ಬಿಸಿಲಿಗೆ ಕೆಂಪಾದ ಮುಖದ ಗಂಡ ಹೆಂಡತಿ ಬಂದು ಚೀಟಿ ಓದಿ, ಮಾತಾಡದೆ ಕಾರು ತೆಗೆದುಕೊಂಡು ಹೋದರು. ಅದೇ ವಾರ ನಾನು ಮಡಚುವ ಕಬ್ಬಿಣದ ಪೋಸ್ಟ್ ಹಾಕಿಸಿದೆ.

ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಮೊಣಕಾಲಿನೆತ್ತರದ ಕಂಬ, ಬೀಗ ತೆಗೆದರೆ ನೆಲಕ್ಕೆ ಮಲಗುತ್ತದೆ, ಕಾರು ಮೇಲೆ ಹಾದು ಹೋಗುತ್ತದೆ. ಕಾಂಕ್ರೀಟ್ ನೆಲವಾದರೆ ಬೋಲ್ಟ್ ಹಾಕಿದರೆ ಸಾಕು. ಇಟ್ಟಿಗೆ ಹಾಸಿನ ಡ್ರೈವ್ ಆದರೆ ಬೋಲ್ಟ್ ಹಿಡಿಯುವುದಿಲ್ಲ, ಒಂದೆರಡು ಇಟ್ಟಿಗೆ ತೆಗೆದು ಗುಂಡಿ ತೋಡಿ ಕಾಂಕ್ರೀಟ್ ಹಾಕಬೇಕು. ಹಾಗೆ ತೋಡುವ ಮೊದಲು ಗ್ಯಾಸ್, ನೀರಿನ ಪೈಪ್ ಎಲ್ಲಿ ಹೋಗಿದೆ ಅಂತ ವಿಚಾರಿಸಿ. ಕಂಬ ನಿಮ್ಮ ಗಡಿಯ ಒಳಗೇ ಇರಲಿ, ಪೇವ್‌ಮೆಂಟ್ ಮೇಲೆ ಒಂದು ಇಂಚೂ ಬೇಡ, ಹೊಳೆಯುವ ಪಟ್ಟಿ ಅಂಟಿಸಿ. ರಜಕ್ಕೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೀ ಕೊಟ್ಟು, ಅವರ ಕಾರನ್ನು ನಮ್ಮ ಡ್ರೈವ್‌ನಲ್ಲಿ ನಿಲ್ಲಿಸಿಕೊಳ್ಳಿ ಅಂತ ಹೇಳಿ. ಅವರಿಗೂ ಉಪಕಾರ, ನಿಮ್ಮ ಮನೆಯೂ ಖಾಲಿ ಅಂತ ಕಾಣುವುದಿಲ್ಲ.

ಗೇಟ್ ಬೇಕು ಅನ್ನುವವರು ಎರಡು ವಿಷಯ ನೋಡಿಕೊಳ್ಳಿ. ವಾಹನ ಓಡಾಡುವ ರಸ್ತೆಗೆ ತಾಗಿದಂತೆ ಒಂದು ಮೀಟರ್‌ಗಿಂತ ಎತ್ತರದ ಗೇಟಿಗೆ ಸಾಮಾನ್ಯವಾಗಿ ಪ್ಲ್ಯಾನಿಂಗ್ ಅನುಮತಿ ಬೇಕು, ಮತ್ತು ಗೇಟ್ ಒಳಗಡೆಗೆ ತೆರೆಯಬೇಕು, ಬೀದಿಯ ಮೇಲೆ ಅಲ್ಲ. ಬಾಡಿಗೆ ಮನೆಯಲ್ಲಿದ್ದರೆ ಕಂಬಕ್ಕೂ ಗೇಟಿಗೂ ಮಾಲೀಕರನ್ನು ಕೇಳಿ, ಇಮೇಲ್‌ನಲ್ಲಿ ಒಪ್ಪಿಗೆ ಇಟ್ಟುಕೊಳ್ಳಿ. ಡ್ರೈವ್ ನಿಮ್ಮ ಬಾಡಿಗೆಗೆ ಸೇರಿದೆಯಾ ಅಂತ ಕರಾರು ಪತ್ರದಲ್ಲೂ ಒಮ್ಮೆ ಓದಿ. ಫ್ಲ್ಯಾಟ್ ಆದರೆ ಮ್ಯಾನೇಜಿಂಗ್ ಏಜೆಂಟ್ ಕಡೆ ಹೋಗಬೇಕು. ಹೊಸ ಬಡಾವಣೆಗಳಲ್ಲಿ ರಸ್ತೆಯನ್ನು ಕೌನ್ಸಿಲ್ ಇನ್ನೂ ವಹಿಸಿಕೊಂಡಿರದಿದ್ದರೆ ಅಲ್ಲೂ ದೂರು ಹೋಗುವುದು ಮ್ಯಾನೇಜ್‌ಮೆಂಟ್ ಕಂಪನಿಗೇ.

ಬೋರ್ಡ್ ಹಾಕಿ, ಖರ್ಚು ಕಡಿಮೆ. ಮನೆ ನಂಬರನ್ನು ಬೀದಿಯಿಂದಲೇ ಕಾಣುವ ಹಾಗೆ ದೊಡ್ಡದಾಗಿ, ಕೆಳಗೆ ಬೀದಿಯ ಪೂರ್ತಿ ಹೆಸರು. ದಾವಣಗೆರೆ ಹುಡುಗ ಮಾಡಿದ್ದು ಅಷ್ಟೇ, ಆಮೇಲೆ ಯಾರೂ ತಪ್ಪಿ ಬಂದಿಲ್ಲ. ಕ್ಯಾಮೆರಾ ಹಾಕುವುದಾದರೆ ನಿಮ್ಮ ಡ್ರೈವ್ ಕಡೆಗೇ ತಿರುಗಿಸಿ. ಪಕ್ಕದವರ ತೋಟ, ಪೇವ್‌ಮೆಂಟ್ ಕೂಡ ಸೆರೆಯಾದರೆ ಡೇಟಾ ರಕ್ಷಣೆಯ ನಿಯಮಗಳು ನಿಮಗೂ ಅನ್ವಯಿಸುತ್ತವೆ, ಕ್ಯಾಮೆರಾ ಇದೆ ಅಂತ ಫಲಕ ಹಾಕಬೇಕಾಗುತ್ತದೆ. ಸ್ಟೇಷನ್ ಅಥವಾ ಕ್ರೀಡಾಂಗಣದ ಹತ್ತಿರ ಇದ್ದು ಡ್ರೈವ್ ದಿನವಿಡೀ ಖಾಲಿ ಇರುತ್ತದೆ ಅಂದರೆ ನೀವೇ ಬಾಡಿಗೆಗೆ ಕೊಡಬಹುದು, ವರ್ಷಕ್ಕೆ 1,000 ಪೌಂಡಿನವರೆಗಿನ ಇಂಥ ಆದಾಯಕ್ಕೆ ತೆರಿಗೆ ಇಲ್ಲ. ಬಾಡಿಗೆದಾರರು ಇದಕ್ಕೂ ಮಾಲೀಕರನ್ನು ಕೇಳಬೇಕು.

ಕೊನೆಗೆ ನಮ್ಮವರ ಬಗ್ಗೆ ಒಂದು ಮಾತು. ಯುಗಾದಿ, ದೀಪಾವಳಿ ಕಾರ್ಯಕ್ರಮಕ್ಕೆ ಶಾಲೆಯ ಹಾಲ್ ತೆಗೆದುಕೊಳ್ಳುತ್ತೇವೆ, ಪಾರ್ಕಿಂಗ್ ತುಂಬುತ್ತದೆ, ಆಮೇಲೆ ನಮ್ಮ ಕಾರುಗಳು ಅಕ್ಕಪಕ್ಕದ ಮನೆಗಳ ಮುಂದೆ. ಒಂದು ದೀಪಾವಳಿಗೆ, ಮಕ್ಕಳ ಭರತನಾಟ್ಯ ನಡೆಯುತ್ತಿರುವಾಗ, ಎದುರು ಮನೆಯ ಅಜ್ಜಿ ಚಪ್ಪಲಿಯಲ್ಲೇ ಹಾಲ್ ಬಾಗಿಲಿಗೆ ಬಂದು ನಿಂತರು. ಗಂಡನನ್ನು ಡಯಾಲಿಸಿಸ್‌ನಿಂದ ಕರೆತರಬೇಕಿತ್ತು, ಡ್ರೈವ್‌ಗೆ ಅಡ್ಡ ನಮ್ಮವರ ಕಾರು. ಅವರು ಕಿರುಚಲಿಲ್ಲ, ಕೈಯಲ್ಲಿ ನಂಬರ್ ಬರೆದ ಚೂರು ಕಾಗದ ಹಿಡಿದಿದ್ದರು. ಹಾಡು ನಿಲ್ಲಿಸಿ ಮೈಕ್‌ನಲ್ಲಿ ನಂಬರ್ ಕೂಗಿದೆವು. ಆ ವರ್ಷದಿಂದ ಆಹ್ವಾನ ಪತ್ರಿಕೆಯಲ್ಲಿ ಹತ್ತಿರದ ಪಾರ್ಕಿಂಗ್ ಜಾಗದ ಪೋಸ್ಟ್‌ಕೋಡ್ ಹಾಕುತ್ತೇವೆ, ಹಳದಿ ಜಾಕೆಟ್ ಹಾಕಿದ ಇಬ್ಬರು ಬೀದಿಯ ತಿರುವಿನಲ್ಲಿ ನಿಲ್ಲುತ್ತಾರೆ. ನೀವೂ ಮುಂದಿನ ಯುಗಾದಿಗೆ ಬನ್ನಿ, ಅರ್ಧ ಗಂಟೆ ಆ ಜಾಕೆಟ್ ಹಾಕಿಕೊಳ್ಳಲು ಯಾರಾದರೂ ಬೇಕೇ ಬೇಕಾಗುತ್ತದೆ.