ಎಲಿಜಬೆತ್ ಟಿಲ್ಲಿಯ ತವರು ಹುಡುಕಿದ್ದು

ಮಗನ ಮದುವೆಯಿಂದ ನಮಗೆ ಬೀಗರಾದವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವರು. ತಮ್ಮ ವಂಶ 1620ರಲ್ಲಿ ಇಂಗ್ಲೆಂಡಿನಿಂದ ವಲಸೆಗಾರರನ್ನು ಹೊತ್ತು ತಂದ ಮೇಫ್ಲವರ್ ಹಡಗಿನಲ್ಲಿ ಬಂದಿಳಿದ ಜಾನ್ ಹೌಲಂಡ್ ಮತ್ತು ಆತನ ಹೆಂಡತಿ ಎಲಿಜಬೆತ್ ಅವರವರೆಗೆ ಹೋಗುತ್ತದೆಂದು ಬೀಗಿತ್ತಿಯವರ ಮನೆಯಲ್ಲಿ ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದರು. ಆ ಮಾತಿಗೆ ಆಧಾರವೇನೆಂದು ಮಾತ್ರ ಯಾರೂ ನೋಡಿರಲಿಲ್ಲ. ನಾನು ಕರ್ನಾಟಕದ ನೋಂದಣಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ವಿಭಾಗಪತ್ರಗಳ ಜೊತೆ ಲಗತ್ತಿಸಿದ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದನ್ನು ಎಷ್ಟೋ ಸಲ ನೋಡಿದ ನನಗೆ ಹೌಲಂಡನಿಗಿಂತ ಎಲಿಜಬೆತ್ತಳ ಬಗ್ಗೆಯೇ ಹೆಚ್ಚು ಕುತೂಹಲ ಹುಟ್ಟಿತು. ಸೊಸೆಯ ಬಾಣಂತನಕ್ಕೆಂದು ಹೋದವಳು, ಬಿಡುವಿನ ಹೊತ್ತಿನಲ್ಲಿ ಅವಳ ತಂದೆತಾಯಿ ಯಾರು, ಅವಳು ಹುಟ್ಟಿದ ಊರು ಯಾವುದು ಎಂಬುದನ್ನು ದಾಖಲೆಯಿಂದ ದಾಖಲೆಗೆ ಹಿಂದಕ್ಕೆ ಸರಿಯುತ್ತ ಹೇಗೆ ನಿಶ್ಚಯಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಕೆಲಸವನ್ನು ಹಡಗಿನಿಂದ ಆರಂಭಿಸಿ ಕೆಳಕ್ಕೆ ಬರುವುದು ಸುಲಭವೆನ್ನಿಸಿದರೂ ನಾನು ತೊಟ್ಟಿಲಲ್ಲಿದ್ದ ಮಗುವಿನಿಂದಲೇ ಆರಂಭಿಸಿದೆ. ಪ್ರತಿ ತಲೆಮಾರಿಗೂ ಜನನ, ವಿವಾಹ, ಮರಣ ಈ ಮೂರರ ದಾಖಲೆ ಸಿಕ್ಕಿದ ಮೇಲೆಯೇ ಹಿಂದಿನ ತಲೆಮಾರಿಗೆ ಹೋಗಬೇಕೆಂದು ನಿಯಮ ಮಾಡಿಕೊಂಡೆ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಮಟ್ಟದ ಜನನ ಮರಣ ನೋಂದಣಿ 1841ರಲ್ಲಿ ಶುರುವಾಯಿತು. 1850ರಿಂದ ಅಮೆರಿಕದ ಜನಗಣತಿ ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡಿದೆ. ಹಾಗಾಗಿ ಅಲ್ಲಿಯವರೆಗಿನ ದಾರಿ ಸಲೀಸು. ಅದಕ್ಕಿಂತ ಹಿಂದಿನ ಜನಗಣತಿಗಳಲ್ಲಿ ಇರುವುದು ಮನೆಯ ಯಜಮಾನನ ಹೆಸರೊಂದೇ. ಉಳಿದವರೆಲ್ಲ ವಯಸ್ಸಿನ ಕಾಲಂಗಳಲ್ಲಿ ಗೀಟುಗಳಾಗಿ, ಅಂಕಿಗಳಾಗಿ ಕುಳಿತಿರುತ್ತಾರೆ, ಅವರಲ್ಲಿ ಹೆಂಡತಿ ಯಾರು, ಅತ್ತೆ ಯಾರು, ಕೆಲಸದ ಹುಡುಗಿ ಯಾರು ಎಂಬುದು ತಿಳಿಯುವುದಿಲ್ಲ.

ಇಲ್ಲಿಂದ ಹೆಂಗಸಿನ ಜಾಡು ಹಿಡಿಯುವುದಕ್ಕೆ ನನಗೆ ನೆರವಾದವು ಆಸ್ತಿಯ ಕಾಗದಗಳು. ಇಂಗ್ಲಿಷ್ ಕಾನೂನಿನಂತೆ ಗಂಡನ ಜಮೀನಿನ ಮೂರನೆಯ ಒಂದು ಪಾಲಿನ ಮೇಲೆ ವಿಧವೆಗೆ ಜೀವಿತಾವಧಿಯ ಹಕ್ಕಿತ್ತು. ಆದ್ದರಿಂದ ಗಂಡ ಜಮೀನು ಮಾರುವಾಗ ಹೆಂಡತಿಯೂ ತನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆಂದು ಸಹಿ ಹಾಕಬೇಕಾಗುತ್ತಿತ್ತು, ಬೇರೆಲ್ಲೂ ಕಾಣದ ಅವಳ ಹೆಸರು ಕ್ರಯಪತ್ರದ ಕೊನೆಯಲ್ಲಿ ಸಿಕ್ಕಿಬಿಡುತ್ತದೆ. ತಂದೆಯ ಮರಣಶಾಸನದಲ್ಲಿ ಮದುವೆಯಾದ ಮಗಳನ್ನು ಗಂಡನ ಮನೆತನದ ಹೆಸರಿನಿಂದ ಕರೆದಿದ್ದರಂತೂ ತವರಿಗೂ ಅತ್ತೆಮನೆಗೂ ಒಂದೇ ಸಾಲಿನಲ್ಲಿ ನಂಟು ಸ್ಥಾಪನೆಯಾದಂತೆ. ಇನ್ನೊಂದು ಆಕರವನ್ನು ನಾನು ನಿರೀಕ್ಷಿಸಿರಲಿಲ್ಲ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಸೈನಿಕರ ವಿಧವೆಯರಿಗೆ 1836ರ ಕಾಯಿದೆಯಿಂದ ಪಿಂಚಣಿಯ ಅವಕಾಶ ಅಗಲವಾದಾಗ, ಮದುವೆಯನ್ನು ರುಜುವಾತುಪಡಿಸಲು ಎಷ್ಟೋ ಮುದುಕಿಯರು ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಮಕ್ಕಳ ಜನ್ಮದಿನಗಳನ್ನು ಬರೆದಿಟ್ಟ ಆ ಹಾಳೆಗಳು ಇಂದಿಗೂ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿವೆ. ಸರ್ಕಾರಿ ಕಚೇರಿ ಕೇಳಿದ ಪುರಾವೆಗಾಗಿ ಮನೆಯ ಧರ್ಮಗ್ರಂಥವನ್ನು ಹರಿಯಬೇಕಾಗಿ ಬಂದ ಆ ಹೆಂಗಸರನ್ನು ನೆನೆದಾಗಲೆಲ್ಲ, ನಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ಮದುವೆಯ ಕರೆಯೋಲೆಯನ್ನು ಚಾಚುತ್ತಿದ್ದವರು ಕಣ್ಣಿಗೆ ಬರುತ್ತಾರೆ.

ಹೀಗೆ ಹಿಂದೆ ಸರಿದು ಕೇಪ್ ಕಾಡ್‌ನ ಬಾರ್ನ್‌ಸ್ಟಬಲ್ ಊರಿಗೆ, ಅಲ್ಲಿನ ಚಿಪ್‌ಮನ್ ಮನೆತನಕ್ಕೆ ಬಂದು ಮುಟ್ಟಿದೆ. ಈ ಮನೆತನದ ಮೊದಲ ಗೃಹಿಣಿ ಹೋಪ್, ಹೌಲಂಡ್ ದಂಪತಿಯ ಎರಡನೆಯ ಮಗಳು. ಅವಳ ಸಮಾಧಿಕಲ್ಲು ಲೋಥ್ರಪ್ ಹಿಲ್ ಸ್ಮಶಾನದಲ್ಲಿ ಈಗಲೂ ಇದೆ; 54 ವರ್ಷದವಳಾಗಿ 1683ರ ಜನವರಿ 8ರಂದು ತೀರಿಕೊಂಡಳೆಂದು ಅದರ ಮೇಲೆ ಕೆತ್ತಿದೆ. ಇದನ್ನು ನಾವು 1684 ಎಂದೇ ಓದಬೇಕು. ಏಕೆಂದರೆ 1752ರವರೆಗೆ ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಬಲ್ಲ ನಮಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲವಾದರೂ, ಲೆಕ್ಕ ಇಟ್ಟುಕೊಳ್ಳದಿದ್ದರೆ ದಾಖಲೆಗಳು ಒಂದಕ್ಕೊಂದು ಜಗಳವಾಡುವಂತೆ ಕಾಣುತ್ತವೆ. ಜಾನ್ ಹೌಲಂಡನ ಮರಣಶಾಸನದ ತಾರೀಖು 1672ರ ಮೇ 29. ಹಡಗಿನವರು ನೆಲೆಸಿದ ಪ್ಲಿಮತ್ ವಸಾಹತಿನ ದಾಖಲೆಯಲ್ಲಿ ಅವನ ಮರಣ 1672ರ ಫೆಬ್ರವರಿ 23. ಸತ್ತ ಮೇಲೆ ಮರಣಶಾಸನ ಬರೆಸಿದನೆಂದು ಯಾರೂ ಹೇಳಲಾರರು; ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1673ರದು.

ಹೌಲಂಡನ ಮರಣಶಾಸನದಲ್ಲಿ ಹೋಪ್ ಚಿಪ್‌ಮನ್ ಎಂಬ ಹೆಸರು ಸ್ಪಷ್ಟವಾಗಿದೆ. ಆದರೆ ಎಲಿಜಬೆತ್ ತಾನೇ ಬರೆಸಿದ ಮರಣಶಾಸನದಲ್ಲಿ ಅವಳ ಹೆಸರಿಲ್ಲ. ಬೀಗಿತ್ತಿಯವರು ಇದನ್ನು ಕೇಳಿ ಕೊಂಚ ಕಳವಳಗೊಂಡರು. ತಾಯಿ ಅದನ್ನು ಬರೆಸಿದ್ದು 1686ರ ಡಿಸೆಂಬರ್ 17ರಂದು. ಹೋಪ್ ಅಷ್ಟರಲ್ಲಿ ತೀರಿಕೊಂಡು ಮೂರು ವರ್ಷವಾಗುತ್ತ ಬಂದಿತ್ತು. ಹಿರಿಯ ಮಗಳು ಡಿಸೈರ್ ಕೂಡ 1683ರಲ್ಲೇ ತೀರಿಕೊಂಡಿದ್ದಳು, ಅವಳ ಹೆಸರೂ ಅದರಲ್ಲಿಲ್ಲ. ಮರಣಶಾಸನದಲ್ಲಿ ಹೆಸರಿಲ್ಲದಿರುವುದು ಸಂಬಂಧವಿಲ್ಲವೆಂಬುದಕ್ಕೆ ಸಾಕ್ಷಿಯಾಗದು ಎಂಬುದನ್ನು ನಮ್ಮ ವಕೀಲರಿಗೆ ಹೇಳಿಕೊಡಬೇಕಾಗಿಲ್ಲ.

ಆ ಮರಣಶಾಸನವನ್ನು ಮಾತ್ರ ನಾನು ಮತ್ತೆ ಮತ್ತೆ ಓದಿದ್ದೇನೆ. ಗಂಡ ಬದುಕಿರುವವರೆಗೆ ಅವಳ ಸ್ವಂತ ದನಿ ಯಾವ ಕಾಗದದಲ್ಲಿಯೂ ಕೇಳುವುದಿಲ್ಲ. ವಿಧವೆಯಾದ ಮೇಲೆ, ಸ್ವಾನ್ಸಿ ಊರಿನಲ್ಲಿ ಮಗಳು ಲಿಡಿಯಾ ಬ್ರೌನಳ ಮನೆ ಸೇರಿದ ಮೇಲೆ, ಮನೆಯ ಒಂದೊಂದು ಸಾಮಾನನ್ನೂ ಹೆಸರಿಸಿ ಹಂಚುವಾಗ ಕೇಳುತ್ತದೆ. ಹಿರಿಯ ಮಗ ಜಾನನಿಗೆ ಐದು ಪೌಂಡು, ಜೋಸೆಫನಿಗೆ ತೂಕದ ಕೋಲು, ಐಸಾಕನಿಗೆ ಅವನಲ್ಲಿ ಆಗಲೇ ಇದ್ದ ದೊಡ್ಡ ಹಿತ್ತಾಳೆ ಪಾತ್ರೆ, ಜೇಬೆಜನಿಗೆ ದೊಡ್ಡ ಕಬ್ಬಿಣದ ಮಡಕೆ. ಲಿಡಿಯಾಳಿಗೆ ಎಲ್ಲಕ್ಕಿಂತ ಒಳ್ಳೆಯ ಗರಿಯ ಹಾಸಿಗೆ, ಹಸಿರು ಹೊದಿಕೆ, ಚಿಕ್ಕ ಬೈಬಲ್ಲು ಮತ್ತು ಪಾದ್ರಿ ರಾಬಿನ್ಸನ್ ಬರೆದ ಒಂದು ಪುಸ್ತಕ. ಮಗಳ ಮಗಳು ಡಿಸೈರ್ ಕುಷ್‌ಮನ್‌ಗೆ ನಾಲ್ಕು ಕುರಿ. ಡಕ್ಸ್‌ಬರಿಯ ಜಮೀನು ಮೊಮ್ಮಗ ನಥಾನಿಯಲ್‌ಗೆ. ಮಕ್ಕಳೆಲ್ಲ ಪರಸ್ಪರ ಪ್ರೀತಿಯಿಂದ, ಶಾಂತಿಯಿಂದ ನಡೆದುಕೊಳ್ಳಬೇಕೆಂಬ ಆಣತಿಯೂ ಇದೆ. ಸೇವಾವಧಿಯಲ್ಲಿ ಕಂಡ ಎಷ್ಟೋ ಮರಣಶಾಸನಗಳ ಮಧ್ಯೆ ಇದನ್ನು ಇಟ್ಟರೆ ಭಾಷೆಯೊಂದು ಬಿಟ್ಟು ಬೇರೇನೂ ಅಪರಿಚಿತವೆನ್ನಿಸದು. ನನ್ನ ಕೆಲಸಕ್ಕೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆರಂಭದ ವಾಕ್ಯ. ತನಗೆ ಆಗ 79 ವರ್ಷ ವಯಸ್ಸೆಂದು ಆಕೆ ಅಲ್ಲಿ ಹೇಳಿಸಿದ್ದಾಳೆ. ಇದರ ಉಪಯೋಗ ಮುಂದೆ ಬರುತ್ತದೆ.

ಅವಳ ತಂದೆ ಯಾರು ಎಂಬ ಪ್ರಶ್ನೆಗೆ 19ನೆಯ ಶತಮಾನದ ಮಧ್ಯದವರೆಗೆ ಎಲ್ಲರೂ ಕೊಡುತ್ತಿದ್ದ ಉತ್ತರ ಒಂದೇ: ಪ್ಲಿಮತ್ ವಸಾಹತಿನ ಮೊದಲ ಗವರ್ನರ್ ಜಾನ್ ಕಾರ್ವರ್. ಹೌಲಂಡ್ ಕಾರ್ವರನ ಮನೆಯಲ್ಲಿ ಚಾಕರಿಗಿದ್ದವನಾದ್ದರಿಂದ ಯಜಮಾನನ ಮಗಳನ್ನು ಮದುವೆಯಾದನೆಂಬ ಕಥೆ ಕುಟುಂಬದಲ್ಲಿ ಬೇರೂರಿ, ವಂಶಸ್ಥರು ನೆಟ್ಟ ಸ್ಮಾರಕಶಿಲೆಯ ಮೇಲೂ ಏರಿತ್ತು. ಇದನ್ನು ಸುಳ್ಳುಮಾಡಿದ್ದು ಎರಡನೆಯ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ತನ್ನ ಕೈಯಾರೆ ಬರೆದಿಟ್ಟಿದ್ದ ವಸಾಹತಿನ ಇತಿಹಾಸ. ಬಾಸ್ಟನ್ನಿನಲ್ಲಿದ್ದ ಆ ಹಸ್ತಪ್ರತಿ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕಾಣೆಯಾಗಿ, 1855ರಲ್ಲಿ ಲಂಡನ್ ಬಿಷಪ್ಪರ ಫುಲಂ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾಯಿತು, 1856ರಲ್ಲಿ ಅಚ್ಚಾಯಿತು, 1897ರಲ್ಲಿ ಮ್ಯಾಸಚೂಸೆಟ್ಸ್‌ಗೆ ಮರಳಿತು. ಅದರ ಕೊನೆಯಲ್ಲಿರುವ ಪ್ರಯಾಣಿಕರ ಪಟ್ಟಿಯಲ್ಲಿ ಜಾನ್ ಟಿಲ್ಲಿ, ಅವನ ಹೆಂಡತಿ, ಮಗಳು ಎಲಿಜಬೆತ್ ಎಂದಿದೆ. ದಡ ಸೇರಿದ ಸ್ವಲ್ಪ ದಿನಕ್ಕೇ ತಂದೆತಾಯಿ ಇಬ್ಬರೂ ತೀರಿಕೊಂಡರೆಂದೂ, ಮಗಳು ಹೌಲಂಡನನ್ನು ಮದುವೆಯಾಗಿ ಹತ್ತು ಮಕ್ಕಳನ್ನು ಪಡೆದಳೆಂದೂ, ಹತ್ತೂ ಬದುಕಿವೆಯೆಂದೂ ಬ್ರಾಡ್‌ಫರ್ಡ್ ಸುಮಾರು ಮೂವತ್ತು ವರ್ಷದ ಬಳಿಕ ಬರೆದಿದ್ದಾನೆ. ಆ ಮೊದಲ ಚಳಿಗಾಲದಲ್ಲಿ 102 ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತಿದ್ದರು. ಕಣ್ಣಾರೆ ಕಂಡವನ ಬರಹ ಇರುವಾಗ ಇನ್ನೂರು ವರ್ಷದ ಮೇಲಿನ ಕಲ್ಲಿನ ಬರಹಕ್ಕೆ ಬೆಲೆ ಕೊಡಬೇಕಾಗಿಲ್ಲ. ಕಲ್ಲಿನ ಮೇಲಿರುವ ಮಾತು ಶಾಶ್ವತವೇ ಹೊರತು ಸತ್ಯವೆಂಬ ಖಾತ್ರಿಯಿಲ್ಲ.

ಅವಳ ಮದುವೆಯ ದಾಖಲೆ ಉಳಿದಿಲ್ಲ. ಅದರ ಕಾಲವನ್ನು ಊಹಿಸಲು 1627ರ ಮೇ ತಿಂಗಳಿನಲ್ಲಿ ವಸಾಹತಿನ ದನಗಳನ್ನು ನಿವಾಸಿಗಳಿಗೆ ಪಾಲು ಮಾಡಿ ಹಂಚಿದ ಪಟ್ಟಿ ಸಾಕು. ನಾಲ್ಕನೆಯ ಪಾಲಿನಲ್ಲಿ ಜಾನ್ ಹೌಲಂಡ್, ಹೆಂಡತಿ ಎಲಿಜಬೆತ್, ಮಕ್ಕಳು ಜಾನ್ ಮತ್ತು ಡಿಸೈರ್ ಇದ್ದಾರೆ. ಎರಡು ಮಕ್ಕಳಿದ್ದ ಮೇಲೆ ಮದುವೆ 1623–24ರ ಆಸುಪಾಸಿನದಾಗಿರಬೇಕು. ಆ ಪಾಲಿಗೆ ಬಿದ್ದ ಪಡ್ಡೆ ಹಸುವಿನ ಹೆಸರು ರ‍್ಯಾಗ್‌ಹಾರ್ನ್ ಎಂದು ಗುಮಾಸ್ತ ಮರೆಯದೆ ಬರೆದಿದ್ದಾನೆ.

ಇನ್ನು ಇಂಗ್ಲೆಂಡ್. 1538ರಿಂದ ಅಲ್ಲಿನ ಪ್ರತಿ ಪ್ಯಾರಿಷ್ ಚರ್ಚೂ ಜ್ಞಾನಸ್ನಾನ, ವಿವಾಹ, ಸಮಾಧಿಗಳ ಪುಸ್ತಕವಿಡಬೇಕೆಂಬ ಆಜ್ಞೆಯಿತ್ತು. ಎಲಿಜಬೆತ್ ಎಂಬುದು ರಾಣಿಯ ಹೆಸರಾದ್ದರಿಂದ ಆ ಕಾಲದ ಯಾವ ಹಳ್ಳಿಯ ಪುಸ್ತಕ ತೆರೆದರೂ ಸಿಗುತ್ತದೆ. ಹೆಸರೊಂದನ್ನೇ ನಂಬಿದರೆ ದಾರಿ ತಪ್ಪುವುದು ಖಂಡಿತ. ಅವಳ ಜೊತೆಗಿದ್ದವರನ್ನೂ ಕೂಡಿಸಿ ಹುಡುಕಬೇಕು. ಹಡಗಿನಲ್ಲಿ ಅವಳ ಚಿಕ್ಕಪ್ಪ ಎಡ್ವರ್ಡ್ ಟಿಲ್ಲಿ, ಅವನ ಹೆಂಡತಿ, ಅವರ ಆಶ್ರಯದಲ್ಲಿದ್ದ ನೆಂಟರ ಮಕ್ಕಳು ಹೆನ್ರಿ ಸ್ಯಾಂಪ್ಸನ್ ಮತ್ತು ಹ್ಯುಮಿಲಿಟಿ ಕೂಪರ್ ಇದ್ದರು. ಬೆಡ್‌ಫರ್ಡ್‌ಶೈರಿನ ಹೆನ್‌ಲೋ ಹಳ್ಳಿಯ ಪುಸ್ತಕದಲ್ಲಿ ಟಿಲ್ಲಿ ಅಣ್ಣತಮ್ಮಂದಿರ ಜ್ಞಾನಸ್ನಾನ, 1614ರಲ್ಲಿ ಎಡ್ವರ್ಡನಿಗೂ ಆಗ್ನೆಸ್ ಕೂಪರಳಿಗೂ ಆದ ಮದುವೆ, ಹೆನ್ರಿ ಸ್ಯಾಂಪ್ಸನ್ನನ ಜ್ಞಾನಸ್ನಾನ ಎಲ್ಲವೂ ಇವೆ. ಅದೇ ಪುಸ್ತಕದಲ್ಲಿ 1607ರ ಆಗಸ್ಟ್ 30ರಂದು ಜಾನ್ ಟಿಲ್ಲಿಯ ಮಗಳು ಎಲಿಜಬೆತ್. 1686ರ ಡಿಸೆಂಬರಿನಲ್ಲಿ ಅವಳಿಗೆ 79 ತುಂಬಿರಲೇಬೇಕು, ಮರಣಶಾಸನದ ಮಾತಿಗೆ ಇದು ತಾಳೆಯಾಗುತ್ತದೆ. ಹಡಗು ಹತ್ತಿದಾಗ ಅವಳು 13 ವರ್ಷದ ಹುಡುಗಿ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇದೆಲ್ಲ ಒಂದೇ ಸಲಕ್ಕೆ ತೀರ್ಮಾನವಾಗದೇ ಎಂದು ಮಗ ಕೇಳಿದ್ದ. ಇಷ್ಟು ತಲೆಮಾರು ಹಿಂದಿನ ಒಬ್ಬ ಪೂರ್ವಜೆಯ ಅಂಶ ಮೈಯಲ್ಲಿ ಲವಲೇಶವೂ ಉಳಿದಿರದಿರಬಹುದು. ತಾಯಿಯಿಂದ ಮಾತ್ರ ಮಕ್ಕಳಿಗೆ ಹರಿಯುವ ಅಂಶವಾದರೋ ನಡುವೆ ಒಬ್ಬ ಗಂಡಸು ಬಂದರೂ ಕಡಿದುಹೋಗುತ್ತದೆ, ನಮ್ಮ ಸಾಲಿನಲ್ಲಿ ಹಲವರು ಬಂದಿದ್ದಾರೆ. ಆದ್ದರಿಂದ ಕಾಗದವೇ ಗತಿ.

ಕಡತ ಮುಗಿಸುವ ಮುನ್ನ ಎಲಿಜಬೆತ್ತಳ ತಾಯಿಯದೊಂದು ಗಂಟು ಬಿಡಿಸಬೇಕಾಯಿತು. ಆಕೆ ಹೆನ್‌ಲೋದ ಜೋನ್ ಹರ್ಸ್ಟ್. 1596ರಲ್ಲಿ ಜಾನ್ ಟಿಲ್ಲಿಯನ್ನು ಕೈಹಿಡಿಯುವ ಮೊದಲು 1593ರಲ್ಲಿ ಥಾಮಸ್ ರಾಜರ್ಸ್ ಎಂಬಾತನನ್ನು ಮದುವೆಯಾಗಿ ವಿಧವೆಯಾಗಿದ್ದಳು. ಮೇಫ್ಲವರ್ ಹಡಗಿನಲ್ಲಿಯೂ ಒಬ್ಬ ಥಾಮಸ್ ರಾಜರ್ಸ್ ಇದ್ದುದರಿಂದ ಇಬ್ಬರನ್ನೂ ಒಬ್ಬನೇ ಎಂದು ಬೆಸೆದ ವಂಶವೃಕ್ಷಗಳು ಅಂತರ್ಜಾಲದ ತುಂಬ ಸಿಗುತ್ತವೆ. ಹಡಗಿನ ರಾಜರ್ಸ್ ನಾರ್ಥಾಂಪ್ಟನ್‌ಶೈರಿನವನು, 1597ರಲ್ಲಿ ಆಲಿಸ್ ಕಾಸ್ಫರ್ಡಳನ್ನು ಮದುವೆಯಾದವನು. ಜೋನಳ ಗಂಡ ಅವಳ ಮರುಮದುವೆಗೆ ಮುಂಚೆಯೇ ತೀರಿಕೊಂಡವನು. ಎರಡೂ ಮದುವೆಗಳ ನಕಲನ್ನು ಒಂದರ ಪಕ್ಕದಲ್ಲೊಂದು ಇಟ್ಟು, ಇವರು ಬೇರೆ ಬೇರೆ ವ್ಯಕ್ತಿಗಳೆಂದು ಷರಾ ಬರೆದು, ಕಡತವನ್ನು ಬೀಗಿತ್ತಿಯವರ ಕೈಗೆ ಕೊಟ್ಟೆ.