ದುಬೈ ಸ್ಕೂಲಲ್ಲಿ ಟೀಚರ್ ಆಗ್ಬೇಕಾ? ಮೊದ್ಲು ಸರ್ಟಿಫಿಕೇಟ್ ತೆಗೀರಿ

ಬಿ.ಎಡ್ ಮುಗ್ಸಿ ಎರಡ್ಮೂರು ವರ್ಷ ಪಾಠ ಮಾಡಿದೀರಾ? ಹಾಗಾದ್ರೆ ಟ್ರೈ ಮಾಡ್ಬೋದು. ಅಲ್ಲಿ ಇಂಡಿಯನ್ ಸಿಲೆಬಸ್ ಸ್ಕೂಲುಗಳು ಏಪ್ರಿಲ್‌ನಲ್ಲಿ ಶುರು ಆಗತ್ವೆ, ಬ್ರಿಟಿಷ್, ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಿಲೆಬಸ್) ಸ್ಕೂಲುಗಳು ಆಗಸ್ಟ್ ಕೊನೇಲಿ, ಅದಕ್ಕೆ ನಾಲ್ಕೈದು ತಿಂಗಳು ಮುಂಚೇನೇ ಸ್ಕೂಲಿನ ಸ್ವಂತ ವೆಬ್‌ಸೈಟಲ್ಲೇ ಅಪ್ಲೈ ಮಾಡಿ. ಕೆಲಸ ಕೊಡಿಸ್ತೀನಿ ಅಂತ ದುಡ್ಡು ಕೇಳೋ ಏಜೆಂಟ್ ಹತ್ರ ಹೋಗ್ಲೇಬೇಡಿ, ಯುಎಇ ಕಾನೂನಲ್ಲಿ ನೌಕರಿ ಮಾಡೋರಿಂದ ಫೀಸ್ ತಗೊಳ್ಳೋ ಹಾಗೇ ಇಲ್ಲ.

ನಿಜವಾದ ತಲೆನೋವು ಅಂದ್ರೆ ಅಟೆಸ್ಟೇಷನ್, ಅಂದ್ರೆ ಸರ್ಟಿಫಿಕೇಟ್ ಅಸಲಿ ಅಂತ ಮೊಹರು ಹಾಕ್ಸೋದು. ಡಿಗ್ರಿ ಸರ್ಟಿಫಿಕೇಟ್ ಮೊದ್ಲು ರಾಜ್ಯ ಸರ್ಕಾರದ ಮಟ್ಟದಲ್ಲಿ, ಆಮೇಲೆ ದೆಹಲಿಯ ವಿದೇಶಾಂಗ ಇಲಾಖೆ, ಆಮೇಲೆ ಯುಎಇ ಎಂಬಸಿ, ದುಬೈಗೆ ಹೋದ್ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ, ಹೀಗೆ ಮೊಹರು ಮೇಲೆ ಮೊಹರು. ನಮ್ಮಪ್ಪ ನನ್ ಸರ್ಟಿಫಿಕೇಟ್‌ನ ಪ್ರೀತಿಯಿಂದ ಲ್ಯಾಮಿನೇಟ್ ಮಾಡ್ಸಿಟ್ಟಿದ್ರು, ಮೊಹರು ಹಾಕೋಕೆ ಜಾಗಾನೇ ಇಲ್ಲ, ಒಂದು ಅಂಗಡಿಯವ್ನು ಬಿಸಿ ಮಾಡಿ ಇಂಚಿಂಚಾಗಿ ಪ್ಲಾಸ್ಟಿಕ್ ಬಿಡಿಸೋವಾಗ ನನ್ ಜೀವ ಬಾಯಿಗ್ ಬಂದಿತ್ತು!

ಆಫರ್ ಲೆಟರ್‌ನಲ್ಲಿ ಟೋಟಲ್ ಸಂಬಳ ನೋಡಿ ಕುಣೀಬೇಡಿ, ಬೇಸಿಕ್ (ಭತ್ಯೆ ಬಿಟ್ಟು ಮೂಲ ಸಂಬಳ) ಎಷ್ಟು ನೋಡಿ. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸಿಗೋ ಇಡಿಗಂಟು, ಬರೋದು ಅದರ ಮೇಲೇನೇ, ಮೊದಲ 5 ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಬಾಡಿಗೆ ಸ್ಕೂಲ್ ಕೊಡತ್ತಾ, ವರ್ಷಕ್ಕೊಂದ್ಸಲ ಟಿಕೆಟ್ ಇದ್ಯಾ, ಮೊದ್ಲೇ ಕೇಳ್ಬಿಡಿ, ನಾಚ್ಕೊಂಡು ಕೂತ್ರೆ ನಷ್ಟ ನಿಮಗೇ.

ಹೋದ್ಮೇಲೆ ಶುಕ್ರವಾರ ಅರ್ಧ ದಿನ, ಶನಿವಾರ ಭಾನುವಾರ ರಜೆ. ರಂಜಾನ್‌ನಲ್ಲಿ ಸ್ಕೂಲ್ ಟೈಮ್ ಕಮ್ಮಿ, ಉಪವಾಸ ಇರೋರ ಮುಂದೆ ತಿನ್ನಬೇಡಿ. ಊಟದ ಚಿಂತೆ ಬಿಡಿ, ದುಬೈನ ಕರಾಮಾ ಏರಿಯಾ ಕಡೆ ಹೋದ್ರೆ ದೋಸೆ ಸಿಗತ್ತೆ.