ವಿಮಾನ ಹತ್ತೋಕೆ ನಾಲ್ಕು ಬಾಗಿಲು, ನಾಲ್ಕು ಪ್ರಶ್ನೆ

ನಮ್ಮ ಚಿಕ್ಕಪ್ಪನಿಗೆ ಅರವತ್ತೆಂಟು ವರ್ಷ. ತಿಪಟೂರಿನ ಹತ್ತಿರ ತೆಂಗಿನ ತೋಟ. ಮೊನ್ನೆ ಮೊದಲ ಸಲ ವಿಮಾನ ಹತ್ತಿದರು, ಪುಣೆಯಲ್ಲಿರುವ ಮಗಳ ಮನೆಗೆ ಹೋಗೋಕೆ. ಹಿಂದಿನ ರಾತ್ರಿ ಬೆಂಗಳೂರಿನ ನಮ್ಮ ಮನೆಗೆ ಬಂದವರು ಬ್ಯಾಗ್ ಬಿಚ್ಚಿದರು. ಎರಡು ಪಂಚೆ, ಮಾತ್ರೆ ಡಬ್ಬಿ, ಒಂದು ಡಬ್ಬದ ತುಂಬ ಮಾವಿನಕಾಯಿ ಉಪ್ಪಿನಕಾಯಿ, ಮತ್ತು ಪೇಪರಿನಲ್ಲಿ ಸುತ್ತಿದ ಹತ್ತು ಗಿಟುಕು ಕೊಬ್ಬರಿ.

‘ಚಿಕ್ಕಪ್ಪ, ಕೊಬ್ಬರಿ ಬಿಡಲ್ಲ’ ಅಂದೆ. ‘ಯಾಕಪ್ಪ, ಅದೇನು ಬಾಂಬಾ?’ ಅಂದರು.

ಬಾಂಬಲ್ಲ. ಆದರೆ ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಒತ್ತಿ ಕಟ್ಟಿಟ್ಟರೆ ಅದು ತಾನೇ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅನ್ನೋ ಕಾರಣಕ್ಕೆ ವಿಮಾನದ ಲೆಕ್ಕದಲ್ಲಿ ಅದು ಅಪಾಯಕಾರಿ ಸರಕು. ವಿಮಾನಯಾನ ಭದ್ರತೆ ನೋಡಿಕೊಳ್ಳುವ ಬಿಸಿಎಎಸ್ 2022ರಲ್ಲಿ ಇದನ್ನು ಚೆಕ್-ಇನ್ ಬ್ಯಾಗಿನಲ್ಲಿ (ಕೌಂಟರ್‌ನಲ್ಲಿ ಕೊಟ್ಟು ವಿಮಾನದ ಹೊಟ್ಟೆಗೆ ಹಾಕಿಸುವ ಬ್ಯಾಗು) ಹಾಕಬಾರದ ಸಾಮಾನಿನ ಪಟ್ಟಿಗೆ ಸೇರಿಸಿತು. ಜೀವನವಿಡೀ ಕೊಬ್ಬರಿ ವ್ಯವಹಾರ ಮಾಡಿದ ಮನುಷ್ಯನಿಗೆ ಇದನ್ನು ಒಪ್ಪಿಸೋಕೆ ಅರ್ಧ ಗಂಟೆ ಹಿಡಿಯಿತು. ಗಿಟುಕುಗಳು ನಮ್ಮ ಅಡುಗೆಮನೆಯಲ್ಲೇ ಉಳಿದವು, ನಮಗೇನು ಬೇಜಾರಿಲ್ಲ.

ಆ ರಾತ್ರಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಏರ್‌ಪೋರ್ಟ್ ಅಂದರೆ ದೊಡ್ಡ ಗೋಜಲು ಅನ್ನಿಸುತ್ತದೆ, ಆದರೆ ಅಲ್ಲಿರೋದು ನಾಲ್ಕೇ ಬಾಗಿಲು. ಮೊದಲನೆಯದು ‘ನೀವು ಯಾರು?’ ಅಂತ ಕೇಳುತ್ತದೆ. ಎರಡನೆಯದು ‘ಎಷ್ಟು ತೂಕ?’ ಅಂತ. ಮೂರನೆಯದು ‘ಒಳಗೇನಿದೆ?’ ಅಂತ. ನಾಲ್ಕನೆಯದು ‘ಹೊತ್ತಿಗೆ ಸರಿಯಾಗಿ ಬಂದ್ರಾ?’ ಅಂತ. ಉತ್ತರ ರೆಡಿ ಇದ್ದರೆ ಗಾಬರಿಗೆ ಜಾಗವೇ ಇಲ್ಲ. ಈ ಉತ್ತರಗಳಲ್ಲಿ ಮುಕ್ಕಾಲು ಭಾಗ ಮನೆಯಲ್ಲೇ ತಯಾರಾಗಬೇಕು.

ಮೊದಲು ಗಡಿಯಾರದ ಲೆಕ್ಕ

ಟಿಕೆಟ್‌ನಲ್ಲಿ 9 ಗಂಟೆ ಅಂತ ಇದ್ದರೆ ಅದು ವಿಮಾನ ಹೊರಡುವ ಹೊತ್ತು, ನೀವು ಹೋಗಬೇಕಾದ ಹೊತ್ತಲ್ಲ. ಹಿಂದಕ್ಕೆ ಎಣಿಸಿ. ದೇಶದೊಳಗಿನ ವಿಮಾನಗಳಿಗೆ ಬೋರ್ಡಿಂಗ್ ಗೇಟ್, ಅಂದರೆ ವಿಮಾನ ಹತ್ತುವ ಬಾಗಿಲು, ಸಾಮಾನ್ಯವಾಗಿ 25 ನಿಮಿಷ ಮೊದಲೇ ಮುಚ್ಚುತ್ತದೆ, ಅಂದರೆ 8.35ಕ್ಕೆ. ಲಗೇಜ್ ತೆಗೆದುಕೊಳ್ಳುವ ಕೌಂಟರ್ ಹೆಚ್ಚಿನ ಕಂಪನಿಗಳಲ್ಲಿ 60 ನಿಮಿಷ ಮೊದಲು ಮುಚ್ಚುತ್ತದೆ, ಅಂದರೆ 8ಕ್ಕೆ. ಹಾಗಾಗಿ 7ಕ್ಕೆ ನೀವು ಏರ್‌ಪೋರ್ಟ್ ಬಾಗಿಲಲ್ಲಿರಬೇಕು. ಹಬ್ಬದ ಹಿಂದಿನ ದಿನವೋ ಸೋಮವಾರ ಬೆಳಗ್ಗೆಯೋ ಆದರೆ ಇನ್ನೂ ಅರ್ಧ ಗಂಟೆ ಮುಂಚೆ. ವಿದೇಶಕ್ಕಾದರೆ ಮೂರು ಗಂಟೆ ಮೊದಲು ಅಂತ ಇಟ್ಟುಕೊಳ್ಳಿ.

ಬೆಂಗಳೂರಿನವರಿಗೆ ನಿಜವಾದ ಪರೀಕ್ಷೆ ಇರೋದು ದಾರಿಯಲ್ಲಿ. ಕೆಂಪೇಗೌಡ ವಿಮಾನ ನಿಲ್ದಾಣ ಇರೋದು ದೇವನಹಳ್ಳಿಯ ಪಕ್ಕ, ಮೆಜೆಸ್ಟಿಕ್‌ನಿಂದ ಹತ್ತಿರ ಹತ್ತಿರ 35 ಕಿಲೋಮೀಟರ್. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಸುಯ್ಯಂತ ತಲುಪಬಹುದು, ಅದೇ ಸಂಜೆ ಆರಕ್ಕೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಮುಂದಿನ ಕಾರಿನ ನಂಬರ್ ಪ್ಲೇಟ್ ಬಾಯಿಪಾಠ ಆಗುವಷ್ಟು ಹೊತ್ತು ಅಲ್ಲೇ ಕೂತಿರಬೇಕಾಗುತ್ತದೆ. ಬೆಳಗ್ಗೆ ಮೂರಕ್ಕೆ ಬುಕ್ ಮಾಡಿದ ಕ್ಯಾಬ್ ಕ್ಯಾನ್ಸಲ್ ಆಗೋದು ಹೊಸ ವಿಷಯವೇನಲ್ಲ. ನನ್ನ ಮಾತು ಕೇಳಿದರೆ ಬಿಎಂಟಿಸಿಯ ವಾಯುವಜ್ರ ಬಸ್ಸು ಹಿಡಿಯಿರಿ. ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8, ಬನಶಂಕರಿಯಿಂದ ಕೆಐಎ-5. ಎಸಿ ಇದೆ, ಲಗೇಜ್ ಇಡೋಕೆ ಜಾಗ ಇದೆ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಬೆಂಗಳೂರಿನಲ್ಲಿ ಇಳಿದು ಹತ್ತುವ ಗೋಜಿಲ್ಲದೆ ನೇರ ಏರ್‌ಪೋರ್ಟ್ ಬಾಗಿಲಿಗೇ ಬರುತ್ತದೆ.

ಹೊರಡುವ ಮುಂಚೆ ಟಿಕೆಟ್‌ನಲ್ಲಿ ಟರ್ಮಿನಲ್ ಯಾವುದು ನೋಡಿ. ಇಲ್ಲಿ ಎರಡಿವೆ. ವಿದೇಶದ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಹೋಗಿವೆ. ದೇಶದೊಳಗಿನವು ಕಂಪನಿಗೆ ತಕ್ಕಂತೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ನಾನೊಮ್ಮೆ ಟರ್ಮಿನಲ್ 2ರಲ್ಲಿ ಇಳಿದು, ಒಳಗಿನ ಬಿದಿರು, ನೇತಾಡುವ ಗಿಡಗಳ ಬಗ್ಗೆ ಕೇಳಿದ್ದೆನಲ್ಲ, ನೋಡೋಣ ಅಂತ ಖುಷಿಯಾಗಿ ಸಾಲಿನಲ್ಲಿ ನಿಂತೆ. ಗೇಟಿನ ಜವಾನ ಟಿಕೆಟ್ ನೋಡಿ ‘ಟರ್ಮಿನಲ್ 1’ ಅಂತ ಬೆರಳು ತೋರಿಸಿದ. ಎರಡರ ನಡುವೆ ಬಸ್ಸಿದೆ, ಆದರೆ ಅದಕ್ಕೆ ಕಾಯುವ ಹತ್ತು ನಿಮಿಷ ಒಂದು ಗಂಟೆಯ ಹಾಗೆ ಅನ್ನಿಸಿತು.

ಒಂದನೇ ಬಾಗಿಲು: ನೀವು ಯಾರು?

ನಮ್ಮ ದೇಶದಲ್ಲಿ ಟಿಕೆಟ್ ಇಲ್ಲದೆ ಕಟ್ಟಡದೊಳಗೇ ಬಿಡುವುದಿಲ್ಲ. ಬಾಗಿಲಲ್ಲಿ ಸಿಐಎಸ್‌ಎಫ್ ಜವಾನರು ಟಿಕೆಟ್ಟು, ಗುರುತಿನ ಚೀಟಿ ಎರಡನ್ನೂ ನೋಡುತ್ತಾರೆ. ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಯಾವುದಾದರೂ ಆಗುತ್ತದೆ. ಬೀಳ್ಕೊಡೋಕೆ ಬಂದ ಮನೆಮಂದಿ ಹೊರಗೇ ನಿಲ್ಲಬೇಕು, ಅಳು, ಅಪ್ಪುಗೆ ಎಲ್ಲ ಅಲ್ಲೇ ಮುಗಿಸಿಕೊಳ್ಳಿ.

ಇಲ್ಲಿ ನಮ್ಮವರನ್ನು ಕಾಡೋದು ಇನಿಶಿಯಲ್. ನಮಗೆ ಸರ್‌ನೇಮ್ ಅನ್ನೋದು ಅಷ್ಟಾಗಿ ಇಲ್ಲ ಅಲ್ವಾ? ಊರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಆಮೇಲೆ ಹೆಸರು. ಟಿಕೆಟ್ ಬುಕ್ ಮಾಡುವ ವೆಬ್‌ಸೈಟ್ ಮಾತ್ರ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ ಇಟ್ಟು ಕೂತಿರುತ್ತದೆ. ಅವಸರದಲ್ಲಿ ಮಗನೋ ಸೊಸೆಯೋ ಅದರಲ್ಲಿ ಕುಲನಾಮ ತುಂಬುತ್ತಾರೆ, ಆಧಾರ್‌ನಲ್ಲಿ ಅದು ಇರುವುದೇ ಇಲ್ಲ. ಹೀಗೆ ಮಾಡಿ: ಬುಕ್ ಮಾಡುವಾಗ ಗುರುತಿನ ಚೀಟಿ ಎದುರಿಗಿಟ್ಟುಕೊಂಡು ಅದರಲ್ಲಿರುವ ಅಕ್ಷರಗಳನ್ನೇ ಹಾಕಿ. ತಪ್ಪಾಗಿದ್ದರೆ ಪ್ರಯಾಣದ ದಿನದವರೆಗೆ ಕಾಯಬೇಡಿ, ಅವತ್ತೇ ಕಂಪನಿಗೆ ಫೋನ್ ಮಾಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ದುಬೈ ಕಡೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಬರೀ ಒಂದೇ ಹೆಸರಿರುವ ಪಾಸ್‌ಪೋರ್ಟಿನವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು.

ಡಿಜಿಯಾತ್ರಾ ಆ್ಯಪ್ ಇದ್ದರೆ ಈ ಬಾಗಿಲು ಬೇಗ ದಾಟಬಹುದು. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿ ಜೊತೆಗೆ ಮೊದಲು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಆಧಾರ್ ಜೋಡಿಸಿ, ಒಂದು ಸೆಲ್ಫಿ ತೆಗೆದು, ವಿಮಾನ ಹತ್ತೋಕೆ ಬೇಕಾದ ಚೀಟಿ ಬೋರ್ಡಿಂಗ್ ಪಾಸ್ ಅದಕ್ಕೆ ಹಾಕಿಟ್ಟರೆ ಕ್ಯಾಮೆರಾ ಮುಖ ನೋಡಿ ಗೇಟ್ ತೆರೆಯುತ್ತದೆ. ಮುಖದ ಮಾಹಿತಿ ಕೊಡೋಕೆ ಇಷ್ಟವಿಲ್ಲದವರು ಮಾಮೂಲಿ ಸಾಲಿನಲ್ಲೇ ಹೋಗಬಹುದು, ಕಡ್ಡಾಯವೇನಲ್ಲ. ಆದರೆ ಬಾಗಿಲ ಮುಂದೆ ನಿಂತುಕೊಂಡು ಆ್ಯಪ್ ಹಾಕಿಕೊಳ್ಳೋಕೆ ಹೋಗಬೇಡಿ. ಒಟಿಪಿ ಬರಲ್ಲ, ಹಿಂದಿನವರು ಬಯ್ತಾರೆ.

ಎರಡನೇ ಬಾಗಿಲು: ಎಷ್ಟು ತೂಕ?

ದೇಶದೊಳಗೆ ಸಾಮಾನ್ಯ ಟಿಕೆಟ್ಟಿಗೆ ಚೆಕ್-ಇನ್ ಬ್ಯಾಗ್ 15 ಕೆಜಿ, ಕೈಯಲ್ಲಿ ಒಯ್ಯುವುದು 7 ಕೆಜಿ. ಕೆಲವು ಅಗ್ಗದ ಟಿಕೆಟ್‌ಗಳಲ್ಲಿ ಚೆಕ್-ಇನ್ ಬ್ಯಾಗೇ ಇರುವುದಿಲ್ಲ, ಓದಿ ನೋಡಿ. ಹೆಚ್ಚಾದ ಒಂದೊಂದು ಕೆಜಿಗೂ ಕೌಂಟರ್‌ನಲ್ಲಿ ಕೇಳುವ ದುಡ್ಡಿಗೆ ಪುಣೆಯಲ್ಲೇ ಅದಕ್ಕಿಂತ ಜಾಸ್ತಿ ಸಾಮಾನು ಕೊಳ್ಳಬಹುದು. ಮನೆಯಲ್ಲೇ ತೂಗಿ. ನೇತುಹಾಕುವ ತಕ್ಕಡಿ ಇಲ್ಲದಿದ್ದರೆ ಮೈತೂಕ ನೋಡುವ ಯಂತ್ರದ ಮೇಲೆ ಬ್ಯಾಗ್ ಹಿಡಿದುಕೊಂಡು ಒಮ್ಮೆ ನಿಲ್ಲಿ, ಬಿಟ್ಟು ಒಮ್ಮೆ ನಿಲ್ಲಿ, ಕಳೆಯಿರಿ. ಚಿಕ್ಕಪ್ಪನ ಬ್ಯಾಗ್ ಕೊಬ್ಬರಿ ತೆಗೆದ ಮೇಲೆ 12 ಕೆಜಿ ಬಂತು. ‘ನೋಡು, ಇನ್ನೂ ಮೂರು ಕೆಜಿ ಜಾಗ ಐತೆ’ ಅಂತ ಮತ್ತೆ ಅಡುಗೆಮನೆ ಕಡೆ ನೋಡಿದರು.

ವೆಬ್ ಚೆಕ್-ಇನ್, ಅಂದರೆ ಕಂಪನಿಯ ವೆಬ್‌ಸೈಟಿನಲ್ಲೇ ಸೀಟು ಹಿಡಿದು ಬೋರ್ಡಿಂಗ್ ಪಾಸ್ ತೆಗೆದುಕೊಳ್ಳೋದು, ಹಿಂದಿನ ದಿನವೇ ಮುಗಿಸಿ. ಆಗ ಸೀಟುಗಳ ಚಿತ್ರ ತೋರಿಸಿ ಒಂದೊಂದಕ್ಕೂ ರೇಟು ಹಾಕಿರುತ್ತಾರೆ. ಇಂಥದ್ದೇ ಸೀಟು ಬೇಕು ಅಂತಿಲ್ಲದಿದ್ದರೆ ದುಡ್ಡು ಕೊಡಬೇಕಿಲ್ಲ. ಎಲ್ಲೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸ್ಕಿಪ್ ಅಂತ ಇರುತ್ತದೆ, ಹುಡುಕಿ ಒತ್ತಿ.

ವಯಸ್ಸಾದವರಿಗೆ, ಮಂಡಿನೋವಿನವರಿಗೆ ವೀಲ್‌ಚೇರ್ ಬೇಕಾದರೆ ಟಿಕೆಟ್ ಮಾಡುವಾಗಲೇ ಹೇಳಿ, ಕಡೇಪಕ್ಷ 48 ಗಂಟೆ ಮೊದಲು. ನಾಚಿಕೆಪಡುವುದೇನಿದೆ? ಟರ್ಮಿನಲ್ 2ರೊಳಗೆ ಗೇಟಿನವರೆಗಿನ ನಡಿಗೆ ಚಿಕ್ಕದಲ್ಲ. ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೊರಟ ತಾಯಂದಿರಿಗೆ ಇನ್ನೊಂದು ಅನುಕೂಲವೂ ಇದೆ, ನಡುವೆ ವಿಮಾನ ಬದಲಿಸುವ ಊರಿನಲ್ಲಿ ಭಾಷೆ ಬಾರದಿದ್ದರೂ ಕುರ್ಚಿ ತಳ್ಳುವವರು ಸರಿಯಾದ ಗೇಟಿಗೇ ಮುಟ್ಟಿಸುತ್ತಾರೆ.

ಬ್ಯಾಗ್ ಕೊಟ್ಟಾಗ ಒಂದು ಚಿಕ್ಕ ಚೀಟಿ ಕೊಡುತ್ತಾರೆ. ಎಸೆಯಬೇಡಿ. ಬ್ಯಾಗ್ ಬರದೇ ಹೋದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಕೊಡುವ ಮುಂಚೆ ಬ್ಯಾಗಿನದೊಂದು ಫೋಟೋನೂ ತೆಗೆದಿಟ್ಟುಕೊಳ್ಳಿ.

ಮೂರನೇ ಬಾಗಿಲು: ಒಳಗೇನಿದೆ?

ಜನ ಹೆದರೋದು ಈ ಸೆಕ್ಯುರಿಟಿ ಚೆಕ್‌ಗೇ. ಯಾವ ಬ್ಯಾಗಿಗೆ ಯಾವ ಸಾಮಾನು ಅನ್ನೋದು ಗೊತ್ತಿದ್ದರೆ ಇದು ಐದು ನಿಮಿಷದ ಕೆಲಸ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಖಂಡಿತ ಬೇಡ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ವಿಮಾನದ ಹೊಟ್ಟೆಯೊಳಗೆ ಅದನ್ನು ಆರಿಸೋಕೆ ಕೈಗೆ ಯಾರೂ ಸಿಗುವುದಿಲ್ಲ, ಮೇಲೆ ಜನರ ನಡುವೆ ಇದ್ದರೆ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ಈ ನಿಯಮ. ಮಿತಿ 100 ವ್ಯಾಟ್ ಅವರ್. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ತೊಂದರೆಯಿಲ್ಲ. ಅಳತೆ ಅಳಿಸಿಹೋದ ಹಳೇ ಪವರ್ ಬ್ಯಾಂಕ್ ಮನೆಯಲ್ಲೇ ಇರಲಿ. ನಾನೊಮ್ಮೆ ಮರೆತು ದೊಡ್ಡ ಬ್ಯಾಗಿಗೆ ಹಾಕಿಬಿಟ್ಟಿದ್ದೆ. ಗೇಟಿನ ಹತ್ತಿರ ಆರಾಮಾಗಿ ಕೂತಿದ್ದಾಗ ಹೆಸರು ಹಿಡಿದು ಕರೆದರು. ಕೆಳಗೆ ಕರೆದುಕೊಂಡು ಹೋಗಿ ಬೀಗ ತೆಗೆಸಿ, ಒಳ ಅಂಗಿಗಳ ಅಡಿಯಿಂದ ಅದನ್ನು ನನ್ನ ಕೈಯಲ್ಲೇ ಹೊರಗೆ ತೆಗೆಸಿದರು. ಅಲ್ಲಿಂದ ಈಚೆಗೆ ಮರೆತಿಲ್ಲ.

ಚಾಕು, ಕತ್ತರಿ, ಟೂಲ್ಸ್ ಇದ್ದರೆ ಚೆಕ್-ಇನ್ ಬ್ಯಾಗಿಗೆ. ಬೆಂಕಿಪೊಟ್ಟಣ, ಲೈಟರ್ ಎರಡರಲ್ಲೂ ಬೇಡ. ವಿದೇಶಕ್ಕೆ ಹೋಗುವವರು ಕೈಚೀಲದಲ್ಲಿ ದ್ರವ ಇಟ್ಟರೆ ಒಂದೊಂದು ಬಾಟಲಿ 100 ಎಂಎಲ್ ದಾಟಬಾರದು, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಹಿಡಿಯಬೇಕು. ಬಾಟಲಿ ಅರ್ಧ ಖಾಲಿ ಇದೆ ಅನ್ನೋ ವಾದ ನಡೆಯುವುದಿಲ್ಲ, ಅವರು ನೋಡೋದು ಬಾಟಲಿಯ ಮೇಲೆ ಬರೆದ ಅಳತೆ.

ಇನ್ನು ಊಟದ ವಿಷಯ. ಚಪಾತಿ, ಚಿತ್ರಾನ್ನ, ಚಕ್ಕುಲಿ, ಕೋಡುಬಳೆ, ಮೈಸೂರುಪಾಕು ಧಾರಾಳವಾಗಿ ಕೈಚೀಲದಲ್ಲಿ ಒಯ್ಯಬಹುದು. ತುಪ್ಪ, ಎಣ್ಣೆ, ಉಪ್ಪಿನಕಾಯಿ, ಕಾರದ ಪುಡಿ ಇವೆಲ್ಲ ಚೆಕ್-ಇನ್‌ಗೆ ಹಾಕಿಬಿಡಿ, ಕಿರಿಕಿರಿ ಇರಲ್ಲ. ಉಪ್ಪಿನಕಾಯಿ ಡಬ್ಬದ ಬಾಯಿಗೆ ಮೊದಲು ಪ್ಲಾಸ್ಟಿಕ್ ಹಾಳೆ ಕಟ್ಟಿ, ಮುಚ್ಚಳ ತಿರುಗಿಸಿ, ಟೇಪ್ ಸುತ್ತಿ, ಎರಡು ಕವರಿನೊಳಗೆ ಹಾಕಿ, ನಿಲ್ಲಿಸಿದ ಹಾಗೆ ಹಳೇ ಟವಲ್ಲಿನ ನಡುವೆ ಇಡಿ. ಚಿಕ್ಕಮ್ಮ ಹೀಗೇ ಕಟ್ಟಿಕೊಟ್ಟಿದ್ದರು, ಒಂದು ತೊಟ್ಟು ಎಣ್ಣೆ ಆಚೆ ಬರಲಿಲ್ಲ. ಶಬರಿಮಲೆಗೆ ಹೋಗುವವರು ಕೇಳುತ್ತಾರೆ, ಇರುಮುಡಿಯ ತೆಂಗಿನಕಾಯಿ ಏನು ಮಾಡೋದು ಅಂತ. 2024ರ ಅಕ್ಟೋಬರ್‌ನಲ್ಲಿ ಬಿಸಿಎಎಸ್ ಅದನ್ನು ಕೈಚೀಲದಲ್ಲಿ ಒಯ್ಯೋಕೆ ಒಪ್ಪಿಗೆ ಕೊಟ್ಟಿತ್ತು, ಆದರೆ 2025ರ ಜನವರಿ 20ರವರೆಗೆ ಮಾತ್ರ. ಹಾಗಾಗಿ ಆಯಾ ವರ್ಷದ ನಿಯಮ ಕೇಳಿಯೇ ಹೊರಡಿ.

ಸಾಲಿನಲ್ಲಿ ನಿಂತಾಗಲೇ ಕೆಲಸ ಶುರು ಮಾಡಿ. ಬೆಲ್ಟು, ಪರ್ಸು, ವಾಚು, ಕೀ ಗೊಂಚಲು, ಚಿಲ್ಲರೆ ಕಾಸು, ಮೊಬೈಲು ಎಲ್ಲ ಕೈಚೀಲದ ಒಂದು ಖಾನೆಗೆ ಹಾಕಿ ಜಿಪ್ ಎಳೆಯಿರಿ. ಒಂದೊಂದನ್ನೇ ಟ್ರೇಯಲ್ಲಿ ಹರಡಿದರೆ ಆ ಕಡೆ ಏನಾದರೂ ಒಂದು ಮರೆಯೋದು ಗ್ಯಾರಂಟಿ. ಲ್ಯಾಪ್‌ಟಾಪ್ ಹೊರಗೆ ತೆಗೆಯಿರಿ ಅಂದರೆ ಅದಕ್ಕೆ ಬೇರೆ ಟ್ರೇ. ನೀರಿನ ಬಾಟಲಿ ಖಾಲಿ ಮಾಡಿ ಒಯ್ದು ಆಚೆ ತುಂಬಿಸಿಕೊಳ್ಳಿ, ಒಳಗಿನ ಅಂಗಡಿಯ ನೀರಿನ ರೇಟು ನೋಡಿದರೆ ಬಾಯಾರಿಕೆಯೇ ಹೋಗುತ್ತದೆ. ಪಂಚೆ ಉಟ್ಟವರು ಬೆಲ್ಟ್ ಬದಲು ಉಡಿದಾರ ಗಟ್ಟಿಯಾಗಿ ಕಟ್ಟಿಕೊಳ್ಳಿ, ಕೈ ಎರಡೂ ಮೇಲೆತ್ತಿ ನಿಲ್ಲಬೇಕಾಗುತ್ತದೆ. ಚಿಕ್ಕಪ್ಪ ಪ್ಯಾಂಟ್ ಹಾಕಿದ್ದು ಇದೇ ಭಯಕ್ಕೆ.

ವಿದೇಶಕ್ಕೆ ಹೋಗುವವರಿಗೆ ಇದಕ್ಕೂ ಮೊದಲು ಪಾಸ್‌ಪೋರ್ಟ್, ವೀಸಾ ನೋಡುವ ಇಮಿಗ್ರೇಷನ್ ಸಾಲು ಇರುತ್ತದೆ. ಪದೇಪದೇ ಹೋಗಿಬರುವವರಾದರೆ ಸರ್ಕಾರದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್‌ಗೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ. ಬೆಂಗಳೂರಿನಲ್ಲಿ 2025ರ ಜನವರಿಯಿಂದ ಇದೆ. ಪಾಸ್‌ಪೋರ್ಟ್, ಬೆರಳಚ್ಚು ಇಟ್ಟರೆ ಗೇಟ್ ತೆರೆಯುತ್ತದೆ.

ನಾಲ್ಕನೇ ಬಾಗಿಲು: ಬಂದ್ರಾ?

ಸೆಕ್ಯುರಿಟಿ ಮುಗಿದ ಮೇಲೆ ಜನ ಮೈಮರೆಯುತ್ತಾರೆ. ಕಾಫಿ, ಅಂಗಡಿ, ಸೆಲ್ಫಿ. ರೈಲ್ವೆ ಸ್ಟೇಷನ್ನಿನ ಹಾಗೆ ಕೂಗಿ ಕೂಗಿ ಕರೆಯುತ್ತಾರೆ ಅಂದುಕೊಳ್ಳಬೇಡಿ, ಈಗ ಸುಮಾರು ಏರ್‌ಪೋರ್ಟುಗಳಲ್ಲಿ ಅನೌನ್ಸ್‌ಮೆಂಟ್ ಬಹಳ ಕಡಿಮೆ ಮಾಡಿದ್ದಾರೆ. ಬೋರ್ಡಿಂಗ್ ಪಾಸ್‌ನಲ್ಲಿರುವ ಗೇಟ್ ನಂಬರ್ ಬದಲಾಗುವುದೂ ಇದೆ, ಆಗಾಗ ಪರದೆ ನೋಡುತ್ತಿರಿ. ಮೊದಲು ಗೇಟ್ ಎಲ್ಲಿದೆ ನೋಡಿಬಂದು ಆಮೇಲೆ ಕಾಫಿ ಕುಡಿಯಿರಿ. ಬೋರ್ಡಿಂಗ್ ಶುರು ಅಂದ ತಕ್ಷಣ ಎದ್ದು ನೂಕಾಡೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಸೀಟ್ ನಂಬರ್ ಇದೆಯಲ್ಲ.

ವಿಮಾನ ತಡವಾದರೆ ಸುಮ್ನೆ ಕೂರಬೇಡಿ. ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಎರಡೂವರೆ ಗಂಟೆಯೊಳಗಿನ ಪ್ರಯಾಣಕ್ಕೆ ಎರಡು ಗಂಟೆಗಿಂತ ಜಾಸ್ತಿ ತಡವಾದರೆ ತಿಂಡಿ, ಪಾನೀಯ ಕೊಡಬೇಕು. ಆರು ಗಂಟೆ ದಾಟಿದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್ ಕೇಳಬಹುದು. ಕೌಂಟರ್‌ಗೆ ಹೋಗಿ ಕೇಳಿ. ಜಗಳ ಬೇಡ, ನಿಯಮ ಗೊತ್ತಿದೆ ಅನ್ನೋದು ಅವರಿಗೆ ತಿಳಿದರೆ ಸಾಕು.

ಇಳಿದ ಮೇಲೆ ಬ್ಯಾಗ್ ಬರುವ ಬೆಲ್ಟ್ ಹತ್ತಿರ ಒಂದು ನಿಮಿಷ ನಿಂತು ನೋಡಿ: ಎಲ್ಲವೂ ಕಪ್ಪು, ಎಲ್ಲಕ್ಕೂ ಗಾಲಿ. ಬಣ್ಣದ ಬಟ್ಟೆ ಏನಾದರೂ ಹಿಡಿಕೆಗೆ ಕಟ್ಟಿರಿ. ಬ್ಯಾಗ್ ಮುರಿದಿದ್ದರೆ, ಬಂದೇ ಇಲ್ಲದಿದ್ದರೆ ಆ ಹಾಲ್ ಬಿಟ್ಟು ಹೊರಗೆ ಹೋಗುವ ಮುಂಚೆಯೇ ಅಲ್ಲಿನ ಕೌಂಟರ್‌ನಲ್ಲಿ ಬರೆಸಿ. ಆಚೆ ಹೋದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ.

ಚಿಕ್ಕಪ್ಪನ ಬ್ಯಾಗಿಗೆ ಚಿಕ್ಕಮ್ಮನ ಹಳೇ ಹಸಿರು ರವಿಕೆ ಬಟ್ಟೆ ಕಟ್ಟಿದ್ದೆವು. ಮಧ್ಯಾಹ್ನ ಪುಣೆಯಿಂದ ಫೋನ್ ಬಂತು. ‘ಬಂದ್ನಪ್ಪ, ಬ್ಯಾಗೂ ಬಂತು, ನಮ್ಮ ಹಸಿರು ದೂರದಿಂದಲೇ ಕಾಣ್ತು’ ಅಂದರು. ಒಂದು ಕ್ಷಣ ಬಿಟ್ಟು, ‘ಇಲ್ಲಿ ಕೊಬ್ಬರಿ ಕೆಜಿಗೆ ಎಷ್ಟು ಅಂತ ವಿಚಾರಿಸ್ತೀನಿ ತಾಳು’ ಅಂದರು.